ಕತ್ತಲ ಕೋಣೆಯ ಮಾವ-ಸೊಸೆ

ಈಕೆ ಕೆಲಸ ಮಾಡುವುದನ್ನು ನಾನು ನೋಡಿಲ್ಲ. ನಾನು ಮಾತ್ರವಲ್ಲ, ಯಾರೂ ನೋಡಿಲ್ಲ. ನೋಡುವಷ್ಟು ಬೆಳಕು ಒಳಗೆ ಬಂದರೆ ಅವರ ಕೆಲಸ ಅಲ್ಲಿಗೇ ಕೆಟ್ಟಿತು. ಹಾಗಾಗಿ ಬೀದಿ ದೀಪ ಇನ್ನೂ ಆರದ ಹೊತ್ತಿನಲ್ಲಿ, ಎರಡನೇ ಮಹಡಿಯ ಪುಟ್ಟ ಮನೆಯೊಂದರ ನಡುಮನೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟಿದ್ದೇನೆ. ಬಾಗಿಲಿನ ಸಂದಿಗಳಿಗೆಲ್ಲ ಕಪ್ಪು ಬಟ್ಟೆ ತುರುಕಿದ್ದಾರೆ. ಕೆಳಗಿನ ಸಂದಿಗೆ ಮಡಿಸಿದ ಹಳೆಯ ಕಂಬಳಿ. ಒಳಗಿಂದ ಎರಡು ದನಿ ಕೇಳಿಸುತ್ತಿವೆ.

"ಕತ್ರಿ ಬಂತು."

"ಕೈ ತೆಗ್ದೆ ಮಾವ."

"ಪೂರ್ತಿ ತೆಗ್ದ್ಯಾ? ಹೋದ ಸಲದ ಹಾಗೆ ಬೆರಳು ಬಿಟ್ಟು ಕೂತಿಲ್ಲ ತಾನೆ?"

"ಅದು ಹೋದ ಸಲ ಅಲ್ಲ, ನಾನು ಈ ಮನೆಗೆ ಬಂದ ಹೊಸದ್ರಲ್ಲಿ."

"ನನಗೆ ಎಲ್ಲಾ ಹೋದ ಸಲಾನೇ."

ಚಕ್ ಎಂದು ಕತ್ತರಿಯ ಸದ್ದು. ಆಮೇಲೆ ಏನನ್ನೋ ಸರಸರ ಸುತ್ತುವ ಸದ್ದು, ಮುಚ್ಚಳವೊಂದು ಟಪ್ಪೆಂದು ಕೂರುವ ಸದ್ದು. "ಏನ್ ತಡಕಮ್ಮ, ಇವತ್ತು ಕೈ ಬಹಳ ಚುರುಕಾಗಿದೆ! ಗಂಡನ ಹತ್ರ ಜಗಳ ಆಡ್ಕೊಂಡು ಬಂದ್ಯಾ?" ಎನ್ನುತ್ತದೆ ಮುದುಕರ ದನಿ. "ಜಗಳ ಆಡೋಕೆ ನಿಮ್ಮ ಮಗ ಬಾಯಿ ಬಿಡಬೇಕಲ್ಲ ಮಾವ," ಎಂದು ಹೆಂಗಸಿನ ದನಿ. ಇಬ್ಬರೂ ನಗುತ್ತಾರೆ. ಹೊರಗೆ ಕೂತ ನನಗೂ ನಗು ಬರುತ್ತದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಮೊದಲು ಸೊಸೆ, ಆಕೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಮಾವ. ಕಿಟಕಿಯಿಂದ ಬರುವ ಬೆಳಗಿನ ಬೆಳಕಿಗೆ ಮಾವನ ಕಣ್ಣು ಕಿರಿದಾಗುತ್ತದೆ. ತಾವು ಹಿಡಿದುಕೊಂಡ ಹೆಗಲು ಯಾರದ್ದು ಎಂದು ತಿರುಗಿ ನೋಡುತ್ತಾರೆ. ನೋಡಿದವರೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಕ್ಷಮಿಸಿ ಅಮ್ಮ, ಗೊತ್ತಾಗ್ಲಿಲ್ಲ. ತಾವು ಯಾರ ಮನೆಯವರು?"

"ಇಲ್ಲೇ ಪಕ್ಕದವಳು. ಬನ್ನಿ, ಟೀ ಕುಡೀರಿ," ಎಂದು ಸೊಸೆ ಅವರನ್ನು ಕುರ್ಚಿಗೆ ಕರೆದೊಯ್ಯುತ್ತಾರೆ. ದಿನವೂ ಕೇಳುವ ಪ್ರಶ್ನೆ, ದಿನವೂ ಕೊಡುವ ಉತ್ತರ. ಆದರೂ ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ.

ಬೀದಿಯವರಿಗೆಲ್ಲ ಈಕೆ 'ಫಿಲ್ಮಕ್ಕ'. ಕೈಯಲ್ಲೊಂದು ಫೋನಿದ್ದರೆ ಎಲ್ಲರೂ ಫೋಟೋಗ್ರಾಫರುಗಳೇ ಆಗಿರುವ ಈ ಕಾಲದಲ್ಲೂ, ಹಳೆಯ ಫಿಲ್ಮ್ ಕ್ಯಾಮೆರಾ ಬಿಡಲೊಲ್ಲದ ಕೆಲವರು ಉಳಿದಿದ್ದಾರೆ. ಕಪ್ಪು-ಬಿಳುಪಿನ ಫೋಟೋ ತೆಗೆಯುವ ಒಂದು ಸ್ಟುಡಿಯೋ, ಚಿತ್ರಕಲೆ ಕಲಿಸುವ ಮೇಷ್ಟ್ರುಗಳು, ಮೊಬೈಲು ಸಾಕಾಗಿ ಅಜ್ಜನ ಕ್ಯಾಮೆರಾ ಒರೆಸಿ ತೆಗೆದ ಹುಡುಗ ಹುಡುಗಿಯರು. ಅಂಗಡಿಯ ಸಿದ್ಧ ರೋಲು ಇವರ ಕೈಗೆಟುಕುವುದಿಲ್ಲ. ಫಿಲ್ಮಕ್ಕ ಕಂಪನಿಯಿಂದ ಊಟದ ತಟ್ಟೆಯಗಲದ ದೊಡ್ಡ ಡಬ್ಬಿಯಲ್ಲಿ ಬರುವ ಉದ್ದನೆಯ ಫಿಲ್ಮನ್ನು ತರಿಸುತ್ತಾರೆ. ಅದನ್ನು ಒಂದು ರೋಲಿನ ಅಳತೆಗೆ ಕತ್ತರಿಸಿ, ಹೆಬ್ಬೆರಳಿನಷ್ಟು ದಪ್ಪದ ಖಾಲಿ ಡಬ್ಬಿಗಳಿಗೆ ಸುತ್ತಿ ಕೊಡುತ್ತಾರೆ. ಇಷ್ಟೇ ಕೆಲಸ. ಆದರೆ ಎಲ್ಲವೂ ಕಾಡಿಗೆಯಂಥ ಕತ್ತಲಲ್ಲಿ ಆಗಬೇಕು. ಬೆಂಕಿಕಡ್ಡಿಯಷ್ಟು ಬೆಳಕು ತಗುಲಿದರೂ ಇಡೀ ಡಬ್ಬಿ ಗೋವಿಂದ.

ಕೋಣೆ ಒಂದು ಕಾಲದಲ್ಲಿ ಸಾಮಾನು ತುಂಬುವ ಕೋಣೆಯಾಗಿತ್ತು. ಎದುರು ಬದುರು ಗೋಡೆಗಳಲ್ಲಿ ಒಂದೊಂದು ಮೊಳೆ; ಆ ಮೊಳೆಗಳ ನಡುವಿನ ದೂರವೇ ಒಂದು ರೋಲಿನ ಅಳತೆ. ಒಬ್ಬರು ಫಿಲ್ಮಿನ ತುದಿಯನ್ನು ಈ ಮೊಳೆಗೆ ಹಿಡಿದರೆ, ಇನ್ನೊಬ್ಬರು ಡಬ್ಬಿ ಬಿಚ್ಚುತ್ತ ಆ ಮೊಳೆಯವರೆಗೆ ಹೋಗಿ ಕತ್ತರಿಸಬೇಕು. ಕಣ್ಣು ಕಾಣದ ಕಡೆ ಕತ್ತರಿ ಆಡುತ್ತಿರುವುದರಿಂದ ಮಾವನವರು ಒಂದು ಕಟ್ಟಳೆ ಮಾಡಿದ್ದರು: ಒಳಗಿದ್ದಷ್ಟು ಹೊತ್ತು ಯಾರೂ ಬಾಯಿ ಮುಚ್ಚುವಂತಿಲ್ಲ. ಮಾತಾಡುತ್ತಿದ್ದರೆ ಯಾರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ. ಸುಮ್ಮನಾದರೆ ಯಾರದ್ದೋ ಬೆರಳು ಹೋಗುತ್ತದೆ.

"ನಮ್ಮತ್ತೆ ತೀರಿಹೋದ್ಮೇಲೆ ಮಾವನಿಗೆ ಇನ್ನೊಂದು ಜೊತೆ ಕೈ ಇರ್ಲಿಲ್ಲ. ನಮ್ಮನೆಯವರಿಗೆ ಕತ್ತಲೆ ಅಂದ್ರೆ ಚಿಕ್ಕಂದಿನಿಂದಾನೂ ಆಗಲ್ಲ. ಬಂದ ಹೊಸದ್ರಲ್ಲೇ ನನ್ನನ್ನ ಒಳಗೆ ಕರೆದ್ರು," ಎಂದು ಫಿಲ್ಮಕ್ಕ ನೆನೆಯುತ್ತಾರೆ. "ಮೊದಲ್ನೇ ದಿನ ಕತ್ರಿ ಹುಡುಕ್ತಾ ತಡಕಾಡಿ ತಡಕಾಡಿ ಮಾವನ ಕಿವೀನೇ ಹಿಡ್ಕೊಂಡ್ಬಿಟ್ಟೆ. ಜೀವ ಬಾಯಿಗೆ ಬಂತು. ಅವರು 'ಕತ್ರಿ ಅದರ ಕೆಳಗಿದೆ, ಅದನ್ನ ಕಿತ್ಕೊಬೇಡ' ಅಂದ್ರು. ಅವತ್ತಿಂದ ನಾನು ತಡಕಮ್ಮ."

ಹೊರಗೆ ಮಾವನ ಎದುರು ತಲೆಯೆತ್ತಲು ನಾಚುತ್ತಿದ್ದ ಹೊಸ ಸೊಸೆ, ಒಳಗೆ ಕಟ್ಟಳೆಯ ನೆಪದಲ್ಲಿ ಬಾಯಿಬಡಕಿಯಾದರು. ತವರಿನ ಸುದ್ದಿ, ಗಂಡನ ಮೇಲಿನ ದೂರು, ಹಾಲಿನವನ ಕಳ್ಳಾಟ, ಎಲ್ಲವನ್ನೂ ಮಾವನ ಕಿವಿಗೆ ಹಾಕಿದ್ದು ಆ ಕತ್ತಲಲ್ಲೇ. ಅಪ್ಪನ ಹತ್ತಿರವೂ ಅಷ್ಟು ಮಾತಾಡಿರಲಿಲ್ಲ ಎನ್ನುತ್ತಾರೆ.

ಮರೆವು ಮಾವನ ಮೇಲೆ ಕಳ್ಳಹೆಜ್ಜೆಯಲ್ಲಿ ಬಂತು. ಮೊದಲು ಬೀಗದ ಕೈ ಎಲ್ಲಿಟ್ಟೆ ಎಂಬುದು, ಆಮೇಲೆ ಮನೆಗೆ ಬರುವ ದಾರಿ, ಆಮೇಲೆ ಮನೆಯ ಮಂದಿ. ಮಗನನ್ನು ಬಾಡಿಗೆದಾರ ಎಂದುಕೊಂಡರು. ಸೊಸೆಯನ್ನು 'ತಾವು' ಎನ್ನತೊಡಗಿದರು. "ಆ ಮರ್ಯಾದೆ ಕೇಳೋಕಾಗ್ದೆ ಎದ್ದು ಅಡುಗೆಮನೆಗೆ ಹೋಗ್ಬಿಡ್ತಿದ್ದೆ," ಎನ್ನುತ್ತಾರೆ ಫಿಲ್ಮಕ್ಕ. ಕತ್ತರಿ ಇರುವ ಕೋಣೆ ಬೇಡವೆಂದು ಅವರನ್ನು ಹೊರಗೇ ಕೂರಿಸಿ, ಒಬ್ಬರೇ ತಿಣುಕಿಕೊಂಡು ಕೆಲಸ ಮಾಡಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾವನನ್ನು ಒಂಟಿಯಾಗಿ ಬಿಟ್ಟರೆ ಬಾಗಿಲು ತೆಗೆದು ಹೊರಟುಬಿಡುತ್ತಾರೆಂಬ ಭಯಕ್ಕೆ ಕೈಹಿಡಿದು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು, ದೀಪ ಆರಿತು.

"ಒಂದ್ನಿಮಿಷ ಏನೂ ಸದ್ದಿಲ್ಲ. ನಾನು ಹೆದರ್ಕೊಂಡು ನಿಂತಿದ್ದೆ. ಇದ್ದಕ್ಕಿದ್ದ ಹಾಗೆ 'ತಡಕಮ್ಮ, ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಎಲ್ಲಿದೀಯ ಹೇಳು, ಕತ್ರಿ ನನ್ನ ಕೈಲಿದೆ' ಅಂದ್ರು. ನೋಡಿ, ಅದೇ ದನಿ, ಅದೇ ಗತ್ತು. ನಾನು ಅಲ್ಲೇ ಗೋಡೆಗೆ ಒರಗಿ ಅತ್ಬಿಟ್ಟೆ."

ಅಂದಿನಿಂದ ಬೆಳಗಿನ ಒಂದಿಷ್ಟು ಹೊತ್ತು ಮಾವ ಆ ಮನೆಗೆ ಮರಳಿ ಬರುತ್ತಾರೆ. ಸುದ್ದಿ ಕೇಳಿ ಮಗನೂ ಒಂದು ದಿನ ಒಳಗೆ ಹೋದರು. ಊರಿಡೀ ಬಸ್ ಓಡಿಸುವ, ಎಂಥ ತಿರುವಿಗೂ ಅಂಜದ ಡ್ರೈವರು ಅವರು; ಆ ಕೋಣೆಗೆ ಮಾತ್ರ ಕಾಲಿಟ್ಟವರಲ್ಲ. ಬಾಗಿಲಿಗೆ ಬೆನ್ನು ಹಚ್ಚಿ ನಿಂತು "ಅಪ್ಪ" ಎಂದರಂತೆ. ಕತ್ತಲೊಳಗಿಂದ ಉತ್ತರ ಬಂತು: "ಅಯ್ಯೋ ಮಗಾ, ನೀನ್ಯಾಕೋ ಬಂದೆ? ನಿನಗೆ ಭಯ ಆಗುತ್ತೆ, ಹೊರಗೆ ಹೋಗು. ಅಪ್ಪ ಈಗ ಬಂದ್ಬಿಡ್ತೀನಿ." ಇದನ್ನು ಹೇಳಿದ್ದು ಫಿಲ್ಮಕ್ಕ. ಗಂಡ ನನ್ನೆದುರೇ ಷೂ ಲೇಸು ಕಟ್ಟುತ್ತಿದ್ದವರು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿ, ಡ್ಯೂಟಿಗೆ ಹೊರಟರು.

ಡಾಕ್ಟರಿಗೆ ಇದು ಹೊಸದಲ್ಲ. ಕೈ ಕಲಿತದ್ದು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ ಎಂದು ವಿವರಿಸಿದರಂತೆ. ಸಮಾಧಾನದ ಮಾತೇ, ಆದರೆ ಅದರೊಳಗೆ 'ಹೋಗುತ್ತದೆ' ಎಂಬ ಪದವೂ ಇತ್ತು. ಫಿಲ್ಮಕ್ಕನ ಕಿವಿಯಲ್ಲಿ ಉಳಿದದ್ದು ಅದೊಂದೇ.

ಇಷ್ಟರಲ್ಲಿ ಫಿಲ್ಮ್ ಕಳಿಸುವ ಕಂಪನಿ ಎರಡಾಯಿತು. ಎಲ್ಲೋ ದೂರದ ದೇಶದ ದೊಡ್ಡ ಕಂಪನಿ, ನಷ್ಟದಲ್ಲಿತ್ತು. ಪುನರ್‌ರಚನೆ ಎಂಬುದು ಅವರು ಕೊಟ್ಟ ಹೆಸರು. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು ಪಾಲಾದಂತೆಯೇ ಆದದ್ದು: ಒಲೆ ಒಬ್ಬನಿಗೆ, ಪಾತ್ರೆ ಇನ್ನೊಬ್ಬನಿಗೆ. ಫಿಲ್ಮ್ ತಯಾರಿಸುವ ಕಾರ್ಖಾನೆ ಒಬ್ಬರ ಕೈಯಲ್ಲಿ ಉಳಿಯಿತು, ಹೆಸರು ಮತ್ತು ಮಾರಾಟ ಇನ್ನೊಬ್ಬರ ಪಾಲಾಯಿತು. ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದು ತೀರ್ಮಾನವಾಗದೆ ಡಬ್ಬಿಗಳು ನಿಂತವು. ಇಲ್ಲಿನ ಡೀಲರು ಫೋನಿನಲ್ಲಿ "ನೋಡೋಣ ಅಕ್ಕ" ಎಂಬುದನ್ನು ಬಿಟ್ಟು ಬೇರೆ ಮಾತನ್ನೇ ಮರೆತರು.

ಗಿರಾಕಿಗಳು ಗೊಣಗಿದರು, ಕೆಲವರು ಕ್ಯಾಮೆರಾ ಕಪಾಟಿಗೆ ಸೇರಿಸಿದರು. ಫಿಲ್ಮಕ್ಕನ ದುಗುಡವೇ ಬೇರೆ. "ರೋಲು ಇಲ್ದಿದ್ರೆ ಗಿರಾಕಿಗಳು ಫೋನಲ್ಲಿ ಫೋಟೋ ತೆಗೀತಾರೆ. ನಾನು ಮಾವನ್ನ ಎಲ್ಲಿಂದ ತರ್ಲಿ?" ಸುಮ್ಮನೆ ಕತ್ತಲಲ್ಲಿ ಕೂರಿಸಿ ನೋಡಿದರು. ಕೈಯಲ್ಲಿ ಕೆಲಸವಿಲ್ಲದ ಕತ್ತಲಲ್ಲಿ ಮಾವ ಬರೀ ಹೆದರಿದ ಮುದುಕರು. ದೀಪ ಹಾಕಿ, ದೀಪ ಹಾಕಿ ಎಂದು ಅಂಗಲಾಚಿದರು.

ಆಗ ಒಂದು ಉಪಾಯ ಮಾಡಿದರು. ಹಿಂದೆ ಬೆಳಕು ತಗುಲಿ ಹಾಳಾದ ತುಂಡುಗಳನ್ನೆಲ್ಲ ಟೇಪು ಹಚ್ಚಿ ಉದ್ದಕ್ಕೆ ಜೋಡಿಸಿ, ಖಾಲಿ ಡಬ್ಬಿಗೆ ಸುತ್ತಿ, ಹೊಸದು ಬಂತೆಂದು ಮಾವನ ಕೈಗಿತ್ತರು. ಮಾವ ಖುಷಿಯಿಂದ ಬಿಚ್ಚತೊಡಗಿದರು. ಬೆರಳಿಗೆ ಮೊದಲ ಜೋಡಣೆ ಸಿಕ್ಕಿತು.

"'ಇದನ್ನ ಯಾರಿಗೆ ಕೊಡ್ತೀಯ?' ಅಂದ್ರು. 'ಅವರ ಕ್ಯಾಮೆರಾದಲ್ಲಿ ಸಿಕ್ಕಿಹಾಕ್ಕೊಂಡು ಹರಿದುಹೋಗುತ್ತೆ. ನನ್ನ ಸೊಸೆ ಹಿಂಗೆ ಮಾಡ್ತಾಳೆ ಅಂದ್ಕೊಂಡಿರ್ಲಿಲ್ಲ' ಅಂತ ಡಬ್ಬಿ ಕೆಳಗಿಟ್ರು. ಅವರ ಬಾಯಲ್ಲಿ ಅಂಥ ಮಾತು ಅದೇ ಮೊದಲು ಕೇಳಿದ್ದು. ಬೆಳಕಿಗೆ ಬಂದ್ಮೇಲೆ ಅವರಿಗೆ ಮರೆತೇಹೋಯ್ತು. ನನಗೆ ಮರೀಲಿಲ್ಲ."

ಮೋಸದ ಫಿಲ್ಮನ್ನು ಮತ್ತೆಂದೂ ಅವರ ಕೈಗೆ ಕೊಡಬಾರದೆಂದು ಅವತ್ತೇ ನಿಶ್ಚಯಿಸಿದರು. ಡೀಲರಿಗೆ ದಿನ ಬಿಟ್ಟು ದಿನ ಫೋನು ಮಾಡಿದರು. ಕೊನೆಗೆ ಆ ಪುಣ್ಯಾತ್ಮ ಎಲ್ಲೆಲ್ಲೋ ಹುಡುಕಿ ಒಂದು ಡಬ್ಬಿ ತಂದುಕೊಟ್ಟರು. ಹೊಸ ಚೀಟಿ, ಹೊಸ ಬಣ್ಣ. "ಮಾಲು ಅದೇ ಅಕ್ಕ, ಅಂಗಿ ಮಾತ್ರ ಬೇರೆ" ಎಂದರಂತೆ. ಹಬ್ಬ ಬಂದಷ್ಟು ಖುಷಿಯಲ್ಲಿ ಇಬ್ಬರೂ ಒಳಗೆ ಹೋದರು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಫಿಲ್ಮಿಗೆ ಒಂದು ಮುಖ, ಒಂದು ಬೆನ್ನು. ಬೆಳಕು ಹಿಡಿಯುವ ಲೇಪ ಇರುವುದು ಮುಖದ ಕಡೆ. ಡಬ್ಬಿಗೆ ಸುತ್ತುವಾಗ ಮುಖ ಒಳಗಿರಬೇಕು, ಇಲ್ಲದಿದ್ದರೆ ಕ್ಯಾಮೆರಾದಲ್ಲಿ ಬೆನ್ನಿನ ಮೂಲಕ ಫೋಟೋ ಬೀಳುತ್ತದೆ. ಕತ್ತಲಲ್ಲಿ ಮುಖ ಯಾವುದೆಂದು ತಿಳಿಯಲು ಮಾವನದ್ದು ಹಳೆಯ ದಾರಿ: ತುದಿಯನ್ನು ಒದ್ದೆ ತುಟಿಗೆ ಮುಟ್ಟಿಸುವುದು. ಲೇಪದ ಬದಿಯಾದರೆ ತುಸು ಅಂಟುತ್ತದೆ. ಫಿಲ್ಮಕ್ಕನಿಗೆ ಅಷ್ಟು ತಾಳ್ಮೆಯಿಲ್ಲ. ಡಬ್ಬಿಯಲ್ಲಿ ಸುತ್ತಿಕೊಂಡೇ ಬರುವ ಫಿಲ್ಮ್ ಸುರುಳಿ ಬಾಗಿರುತ್ತದಲ್ಲ, ಮುಖ ಯಾವಾಗಲೂ ಆ ಬಾಗಿನ ಒಳಗೇ ಇರುತ್ತಿತ್ತು. ಬೆರಳಿಗೆ ಬಾಗು ಸಿಕ್ಕಿದರೆ ಅವರಿಗೆ ಸಾಕು. ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ.

ಆ ದಿನ ಮಾವ ಮೊದಲ ತುದಿಯನ್ನು ತುಟಿಗಿಟ್ಟು, "ಮುಖ ಹೊರಗಿದೆ, ತಿರುಗಿಸು" ಎಂದರು.

"ಇಲ್ಲ ಮಾವ, ಸರಿಯಾಗೇ ಇದೆ."

"ತಿರುಗಿಸು ಅಂದೆ."

ಅವರು ತಿರುಗಿಸುವುದು, ಇವರು ಕಿತ್ತುಕೊಂಡು ಮತ್ತೆ ತಿರುಗಿಸುವುದು. ರೋಲಿನಿಂದ ರೋಲಿಗೆ ಇದೇ ಹಗ್ಗಜಗ್ಗಾಟ. ಮುದುಕರ ದನಿ ಏರಿತು, ಆಮೇಲೆ ನಿಂತೇಹೋಯಿತು. ಉಳಿದ ರೋಲುಗಳನ್ನು ಫಿಲ್ಮಕ್ಕ ಒಬ್ಬರೇ ಸುತ್ತಿದರು. "ಡಾಕ್ಟರ್ ಹೇಳಿದ್ದು ಬಂತು ಅಂದ್ಕೊಂಡೆ. ಕೈಗೂ ಮರೆವು ಬಂತು, ಇನ್ನೇನು ಉಳೀತು ಅಂತ. ನಾನೂ ಒಂದ್ಸಲ ತುಟಿಗೆ ಇಟ್ಟು ನೋಡ್ಬೋದಿತ್ತು. ಹೊಳೀಲೇ ಇಲ್ಲ ನೋಡಿ. ಅಳು ತಡ್ಕೊಳೋದ್ರಲ್ಲೇ ಆಗೋಯ್ತು."

ಮರುದಿನದಿಂದ ಮಾವನನ್ನು ಒಳಗೆ ಕರೆಯಲಿಲ್ಲ. ಅವರು ಬಾಗಿಲ ಹೊರಗೆ ಇದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಇಲ್ಲದ ಫಿಲ್ಮನ್ನು ಎರಡೂ ಕೈಯಿಂದ ಸುತ್ತುತ್ತಿದ್ದರು. ಸೊಸೆ ಹೊರಗೆ ಬಂದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದುದು ಆ ಕೈಗಳೇ. ಫಿಲ್ಮಕ್ಕ ಆ ದಿನಗಳಲ್ಲಿ ಸರಿಯಾಗಿ ಉಣ್ಣಲಿಲ್ಲ ಎಂದು ಅವರ ಗಂಡ ನನಗೆ ಮೆಟ್ಟಿಲ ಬಳಿ ತಿಳಿಸಿದರು; ಆ ಮನುಷ್ಯ ನನ್ನೊಡನೆ ಆಡಿದ್ದು ಅದೊಂದೇ ಮಾತು.

ವಾರ ಕಳೆಯುವುದರೊಳಗೆ ಸ್ಟುಡಿಯೋ ಅಣ್ಣ ಮೆಟ್ಟಿಲು ಹತ್ತಿ ಬಂದರು. ಮಾವನ ಕಾಲದ ಗಿರಾಕಿ, ಮುಂಗೋಪಿ. ಉಸಿರು ತಿರುಗುವ ಮೊದಲೇ ಒಂದು ಫೋಟೋ ಮೇಜಿನ ಮೇಲೆ ಬಿಸಾಕಿದರು. ಟೈಲರೊಬ್ಬ ತನ್ನ ಹೊಸ ಅಂಗಡಿಯ ಮುಂದೆ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದಾನೆ. ಮುಖ ಮಂಜಿನೊಳಗಿಂದ ಇಣುಕಿದಂತಿದೆ. ತಲೆಯ ಮೇಲಿನ ಬೋರ್ಡಿನ ಅಕ್ಷರಗಳೆಲ್ಲ ಉಲ್ಟಾ.

"ಏನಮ್ಮ ಇದು? ತನ್ನ ಅಂಗಡಿ ಹೆಸರು ಓದೋಕೆ ಕನ್ನಡಿ ತರ್ಬೇಕಾ ಅಂತ ಅವನು ನನ್ನ ಮೇಲೆ ಹಾರಾಡ್ತಿದಾನೆ. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿ ಕೊಡ್ಬೋದು, ಈ ಮಂಕಿಗೆ ಏನ್ ಮಾಡ್ಲಿ? ರೋಲು ಪೂರ್ತಿ ಹಿಂದುಮುಂದಾಗಿ ಸುತ್ತಿದೀಯ!"

ಫಿಲ್ಮಕ್ಕ ಫೋಟೋವನ್ನೇ ನೋಡುತ್ತ ನಿಂತರು. ಆಮೇಲೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡರೂ ನಿಲ್ಲಲಿಲ್ಲ. ಬೈಯಲು ಬಂದ ಸ್ಟುಡಿಯೋ ಅಣ್ಣನಿಗೆ ದಿಗಿಲಾಯಿತು. "ನಾನೇನೂ ಅಷ್ಟು ಜೋರಾಗಿ ಬೈದಿಲ್ಲ ಕಣಮ್ಮ," ಎಂದು ಮೆತ್ತಗಾದರು. ಹೊಸ ಕಂಪನಿ ಫಿಲ್ಮನ್ನು ಬೆನ್ನು ಒಳಗೆ ಮಾಡಿ ಸುತ್ತಿ ಕಳಿಸಿತ್ತು. ಅಕ್ಕನ ಬೆರಳು ಮೋಸಹೋಗಿತ್ತು, ಮಾವನ ತುಟಿ ಮೋಸಹೋಗಿರಲಿಲ್ಲ. ಆ ಮನೆಯಲ್ಲಿ ಇಷ್ಟು ಕೆಟ್ಟ ಫೋಟೋ ಇಷ್ಟು ಸಂತೋಷ ತಂದದ್ದು ಇನ್ನೊಂದಿಲ್ಲ.

ಫೋಟೋ ಹಿಡಿದುಕೊಂಡೇ ಕುರ್ಚಿಯ ಬಳಿ ಓಡಿದರು. "ಮಾವ, ನೀವು ಹೇಳಿದ್ದೇ ಸರಿ. ನಂದೇ ತಪ್ಪು." ಮಾವ ತಲೆಯೆತ್ತಿ, "ಬಹಳ ಸಂತೋಷ ಅಮ್ಮ. ತಾವು ಯಾರು?" ಎಂದರು. ಬೆಳಕಿನಲ್ಲಿ ಕ್ಷಮೆ ಕೇಳಿ ಪ್ರಯೋಜನವಿಲ್ಲ ಎಂದು ಅವರಿಗೆ ಆಗ ಹೊಳೆಯಿತು. ಕೈಹಿಡಿದು ಕೋಣೆಗೆ ಕರೆದೊಯ್ದು, ಫಿಲ್ಮಿನ ಡಬ್ಬಿ ಕೈಗಿತ್ತು, ಕಂಬಳಿ ಒತ್ತಿ, ಬಾಗಿಲು ಹಾಕಿದರು. ಸ್ಟುಡಿಯೋ ಅಣ್ಣ ಹೊರಗೆ ನಿಂತು ಕೇಳಿಸಿಕೊಂಡದ್ದನ್ನು ನನಗೆ ಹೇಳಿದ್ದಾರೆ.

"ತಿರುಗಿಸಿದ್ಯಾ?"

"ತಿರುಗಿಸ್ದೆ ಮಾವ."

"ಮತ್ತೆ ಅಳೋದ್ಯಾಕೆ? ಫಿಲ್ಮ್ ಮೇಲೆ ನೀರು ಬಿದ್ದೀತು, ಆಚೆ ಮುಖ ಮಾಡ್ಕೊಂಡು ಅಳು. ಎಲ್ಲಿದೀಯ ಅಂತ ಮಾತ್ರ ಹೇಳ್ತಾ ಇರು."

ಸ್ಟುಡಿಯೋ ಅಣ್ಣ ಬಂದ ದಾರಿಗೆ ಸುಂಕವಿಲ್ಲದೆ ಇಳಿದುಹೋದರು. ಟೈಲರಿಗೆ ತಪ್ಪು ತಮ್ಮದೇ ಎಂದು ಹೇಳಿ, ಇನ್ನೊಮ್ಮೆ ನಿಲ್ಲಿಸಿ ಫೋಟೋ ತೆಗೆದರು. ಅದು ಚೆನ್ನಾಗಿ ಬಂದಿದೆಯಂತೆ. ಆದರೂ ಫಿಲ್ಮಕ್ಕ ಕೇಳಿ ಇಟ್ಟುಕೊಂಡಿರುವುದು ಮಂಕಾದದ್ದನ್ನೇ.

ಈಗ ಆ ಡಬ್ಬಿಯೂ ಮುಗಿಯುತ್ತ ಬಂದಿದೆ. ಕಾರ್ಖಾನೆಯವರು ಯಂತ್ರ ನಿಲ್ಲಿಸಿದ್ದಾರೆಂದು ಒಂದು ಸುದ್ದಿ, ಇನ್ಯಾರೋ ಕೊಂಡುಕೊಳ್ಳುತ್ತಾರೆಂದು ಇನ್ನೊಂದು. ಮುಂದಿನದು ಬಂದರೆ ಬಂತು ಎನ್ನುತ್ತಾರೆ ಡೀಲರು. ಫಿಲ್ಮಕ್ಕ ದಿನಕ್ಕೆ ಬೆರಳೆಣಿಕೆಯ ರೋಲು ಮಾತ್ರ ಕತ್ತರಿಸುತ್ತಾರೆ. ಬೆಲೆ ಏರಲೆಂದು ಬಚ್ಚಿಡುತ್ತಿದ್ದಾರೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರು ಉಳಿಸುತ್ತಿರುವುದು ಬೆಳಗುಗಳನ್ನು. ಸ್ಟುಡಿಯೋ ಅಣ್ಣ ಬಂದಾಗ ಒಂದೇ ರೋಲು ತೆಗೆದುಕೊಂಡು, ಈ ತಿಂಗಳು ಇಷ್ಟು ಸಾಕು, ನನಗೂ ವಯಸ್ಸಾಯಿತು ಎಂದು ಸುಳ್ಳು ಹೇಳಿ ಹೋಗುತ್ತಾರೆ.

ಹೊರಡುವ ಮೊದಲು, ಕೇಳಲೇಬೇಕಾದದ್ದನ್ನು ಕೇಳುತ್ತೇನೆ: ಫಿಲ್ಮ್ ಬರುವುದು ನಿಂತೇಹೋದರೆ? ಅವರು ಮಾವನ ಲೋಟದಲ್ಲಿ ಉಳಿದ ಟೀ ಚೆಲ್ಲಿ, ಲೋಟ ತೊಳೆದು, ಬೋರಲು ಹಾಕುತ್ತಾರೆ.

"ಎಲ್ಲರೂ ದೊಡ್ಡವರ ನೆನಪು ಉಳೀಲಿ ಅಂತ ಬೇಡ್ಕೋತಾರೆ. ನನ್ನದು ಉಲ್ಟಾ. ಹೇಳೋಕೆ ನಾಚಿಕೆ ಆಗುತ್ತೆ, ಬೇಕಾದ್ರೆ ಬರ್ಕೊಳಿ. ಡಬ್ಬಿ ಮುಗಿಯೋ ಮೊದಲು ಅವರು ನನ್ನ ಪೂರ್ತಿ ಮರ್ತುಬಿಡ್ಲಿ. ಫಿಲ್ಮ್ ಮುಗಿದುಹೋಗಿ, ಅವರೊಳಗೆ ಎಲ್ಲೋ ನಾನು ಉಳ್ಕೊಂಡು, 'ಎಲ್ಲಿ ಹೋದ್ಲು ಇವಳು, ಯಾಕೆ ಮಾತಾಡ್ತಿಲ್ಲ' ಅಂತ ಅವರು ಕಾಯ್ತಾ ಇದ್ರೆ? ನಾನು ಎದುರಿಗೇ ಕೂತು ಅನ್ನ ಕಲಸಿ ಕೊಡ್ತಿರ್ತೀನಿ. ಅವರು ನನ್ನ ಕಾಯ್ತಿರ್ತಾರೆ."

ಕೈ ಒರೆಸಿಕೊಂಡು, ಕುರ್ಚಿಯಲ್ಲೇ ತೂಕಡಿಸುತ್ತಿರುವ ಮಾವನ ಕಡೆ ಒಮ್ಮೆ ನೋಡುತ್ತಾರೆ.

"ಕಂಪನಿಯವರಿಗೆ ನಿಮ್ಮ ಪೇಪರ್ ತಲುಪುತ್ತೋ ಇಲ್ವೋ ಗೊತ್ತಿಲ್ಲ. ತಲುಪಿದ್ರೆ ಇಷ್ಟು ಹೇಳಿ. ಜಾಸ್ತಿ ಬೇಡ. ನಮ್ಮ ಮಾವನಿಗಿಂತ ಒಂದೇ ಒಂದು ಬೆಳಗ್ಗೆ ಹೆಚ್ಚು ಬಾಳ್ಲಿ ಆ ಫಿಲ್ಮು."